ಈಟ್ಯಾಬ್ಸೋ, ಸ್ಟ್ಯಾಡೋ? ಮೊದಲು ಕಳೆದ ವರ್ಷದ ಫೈಲ್ ತೆಗೀರಿ

ಪ್ರಶ್ನೆ: ನಾನು ಸಿವಿಲ್ ಎಂಜಿನಿಯರ್. ಮೂರು ವರ್ಷ ಬೆಂಗಳೂರಿನಲ್ಲಿ ಒಬ್ಬರ ಹತ್ತಿರ ಕೆಲಸ ಮಾಡಿ, ಈಗ ಊರಿಗೆ ಬಂದು ಸ್ವಂತ ಆಫೀಸು ತೆರೆದಿದ್ದೇನೆ. ಮನೆಗಳ ಸ್ಟ್ರಕ್ಚರಲ್ ಡ್ರಾಯಿಂಗ್ ಜಾಸ್ತಿ. ಆಗೊಮ್ಮೆ ಈಗೊಮ್ಮೆ ಕೊಬ್ಬರಿ ಗೋಡೌನಿನ ಶೆಡ್ಡು ಬರುತ್ತದೆ. ಕಟ್ಟಡದ ಲೆಕ್ಕ ಮಾಡುವ ಸಾಫ್ಟ್‌ವೇರ್ ಬೇಕು. ಈಟ್ಯಾಬ್ಸ್ ತಗೊಳ್ಳಲಾ, ಸ್ಟ್ಯಾಡ್ ಪ್ರೋ ತಗೊಳ್ಳಲಾ? ಎರಡಕ್ಕೂ ದುಡ್ಡಿಲ್ಲ. ಗೆಳೆಯನೊಬ್ಬ ಕ್ರ್ಯಾಕ್ ಮಾಡಿದ ಕಾಪಿ ಕೊಡ್ತೀನಿ ಅಂತಾನೆ. ನನ್ನ 8 ಜಿಬಿ ಲ್ಯಾಪ್‌ಟಾಪ್ ಸಾಕಾಗುತ್ತಾ?
– ಓದುಗರೊಬ್ಬರು, ತಿಪಟೂರು

ಉತ್ತರ: ಕಳೆದ ವರ್ಷ ಮಾಡಿದ ಕೆಲಸಗಳ ಫೈಲುಗಳನ್ನು ಮೇಜಿನ ಮೇಲೆ ಹರಡಿ. ಮನೆ ಎಷ್ಟು, ಶೆಡ್ ಎಷ್ಟು ಎಣಿಸಿ. ಹತ್ತರಲ್ಲಿ ಎಂಟು ಮನೆಯೇ ಆಗಿದ್ದರೆ ಈಟ್ಯಾಬ್ಸ್ ತಗೊಳ್ಳಿ. ಶೆಡ್ಡೇ ಜಾಸ್ತಿ ಆಗಿದ್ದರೆ ಸ್ಟ್ಯಾಡ್. ನೀವು ಬರೆದಿದ್ದು ನೋಡಿದರೆ ನಿಮಗೆ ಈಟ್ಯಾಬ್ಸೇ ಸರಿ ಅನ್ನಿಸುತ್ತದೆ.

ಈಟ್ಯಾಬ್ಸ್ ಹುಟ್ಟಿದ್ದೇ ಮಹಡಿ ಕಟ್ಟಡಗಳಿಗಾಗಿ. ಒಂದು ಮಹಡಿ ಬರೆದರೆ ಅದೇ ಥರದ ಮಿಕ್ಕ ಮಹಡಿಗಳು ತಾವೇ ಬರುತ್ತವೆ. ಸ್ಲ್ಯಾಬಿನ ಭಾರವನ್ನು ಬೀಮುಗಳಿಗೆ ಅದೇ ಹಂಚುತ್ತದೆ. ಸ್ಟ್ಯಾಡ್‌ನಲ್ಲೂ ಮನೆ ಮಾಡಬಹುದು, ಎಷ್ಟೋ ಜನ ಮಾಡುತ್ತಾರೆ. ಆದರೆ ಅದರ ಗಮ್ಮತ್ತು ಉಕ್ಕಿನ ಚೌಕಟ್ಟುಗಳಲ್ಲಿ, ಅಂದರೆ ಟ್ರಸ್, ಪೋರ್ಟಲ್ ಫ್ರೇಮ್, ಪೈಪ್ ರ‍್ಯಾಕ್‌ನಂಥ ಕೆಲಸದಲ್ಲಿ. ನನಗೆ ಅದರಲ್ಲಿ ತುಂಬ ಇಷ್ಟವಾದದ್ದು ಇನ್‌ಪುಟ್ ಫೈಲು. ಬರೀ ಅಕ್ಷರದ ಫೈಲ್ ಅದು, ನೋಟ್‌ಪ್ಯಾಡಲ್ಲೂ ತೆರೆಯಬಹುದು. ಬೇರೆಯವರು ಏನೇನು ಹಾಕಿದ್ದಾರೆ ಅಂತ ಸಾಲುಸಾಲಾಗಿ ಓದಿಬಿಡಬಹುದು. ವರ್ಷಕ್ಕೆ ಒಂದೆರಡು ಶೆಡ್ ಬಂದರೆ, ಸ್ಟ್ಯಾಡ್ ಲೈಸೆನ್ಸ್ ಇರುವ ಎಂಜಿನಿಯರ್ ಒಬ್ಬರಿಗೆ ಫೀಸು ಕೊಟ್ಟು ಮಾಡಿಸಿ. ನಾನು ದಾವಣಗೆರೆಯಲ್ಲಿ ಮೊದಲ ಆರು ವರ್ಷ ಹಾಗೇ ನಡೆಸಿದೆ.

ಪಾಯ ನೆನಪಿರಲಿ. ಈಟ್ಯಾಬ್ಸ್ ಬಂತು ಅಂದರೆ ಫುಟಿಂಗ್ ಡಿಸೈನೂ ಬಂತು ಅಂತಲ್ಲ. ರಾಫ್ಟ್ (ಇಡೀ ಕಟ್ಟಡಕ್ಕೆ ಒಂದೇ ಹಾಸು), ಕಾಲಂಗಳು ಹಂಚಿಕೊಳ್ಳುವ ಕಂಬೈನ್ಡ್ ಫುಟಿಂಗ್‌ಗೆ ಅದೇ ಕಂಪನಿಯ ಸೇಫ್ ಅನ್ನೋದು ಬೇರೆ ಸಾಫ್ಟ್‌ವೇರ್. ಬಿಡಿ ಫುಟಿಂಗ್ ಆದರೆ ಎಕ್ಸೆಲ್ ಶೀಟ್ ಸಾಕು, ಆದರೆ ಅದನ್ನು ನೀವೇ ಮಾಡಿಕೊಳ್ಳಿ. ಕೊಟೇಶನ್ ಕೇಳುವಾಗ ಭಾರತೀಯ ಮಾನಕಗಳಾದ ಐಎಸ್ 456 (ಕಾಂಕ್ರೀಟ್), ಐಎಸ್ 1893 (ಭೂಕಂಪ), ಐಎಸ್ 13920 (ಭೂಕಂಪ ತಡೆಯುವಂತೆ ಕಬ್ಬಿಣ ಕಟ್ಟುವುದು), ಐಎಸ್ 800 (ಉಕ್ಕು) ಎಲ್ಲವೂ ಆ ಬೆಲೆಯಲ್ಲೇ ಸೇರಿವೆಯಾ, ಲೈಸೆನ್ಸ್ ವರ್ಷದ್ದಾ ಶಾಶ್ವತವಾ, ಬರಹದಲ್ಲಿ ತರಿಸಿಕೊಳ್ಳಿ. ಫೋನಿನಲ್ಲಿ ಎಲ್ಲರೂ 'ಎಲ್ಲಾ ಇದೆ ಸಾರ್' ಅಂತಲೇ ಹೇಳೋದು.

ಈಗ ನೀವು ಕೇಳದೇ ಇದ್ದ ಒಂದು ವಿಷಯ. ಸುಮಾರು ಇಪ್ಪತ್ತು ವರ್ಷದ ಹಿಂದೆ ನಾನೊಂದು ಎರಡು ಮಹಡಿ ಮನೆ ಮಾಡಿದ್ದೆ. 5 ಮೀಟರಿನ ಮೇನ್ ಬೀಮು, ಅದರ ಮಧ್ಯಕ್ಕೆ ಇನ್ನೊಂದು ಬೀಮು ಬಂದು ಕೂರುತ್ತಿತ್ತು. ಮಾಡೆಲ್‌ನಲ್ಲಿ ಎರಡೂ ಒಂದನ್ನೊಂದು ದಾಟಿ ಹೋಗಿದ್ದವು, ಸೇರುವ ಜಾಗದಲ್ಲಿ ನೋಡ್ (ಎರಡನ್ನೂ ಜೋಡಿಸುವ ಬಿಂದು) ಹಾಕಲು ನಾನು ಮರೆತಿದ್ದೆ. ಪರದೆಯ ಮೇಲೆ ಸೇರಿದಂತೆಯೇ ಕಾಣುತ್ತದೆ. ಲೆಕ್ಕದಲ್ಲಿ ಮಾತ್ರ ಇದಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಎರರ್ ಬರಲಿಲ್ಲ. ಡಿಸೈನ್ ಎಲ್ಲ ಪಾಸ್. ಡ್ರಾಯಿಂಗ್ ಸೈಟಿಗೆ ಹೋಯಿತು.

ಕಬ್ಬಿಣ ಕಟ್ಟುವ ಬಾರ್ ಬೆಂಡರ್ ಫೋನ್ ಮಾಡಿದ. 'ಮೇಡಂ, ಈ ದೊಡ್ಡ ಬೀಮಿಗೆ ಕೆಳಗಡೆ 12 ಎಂಎಂ ಎರಡೇ ರಾಡಾ? ಪಕ್ಕದ ಚಿಕ್ಕ ಬೀಮಿಗೆ 16 ಎಂಎಂ ಮೂರು ಕೊಟ್ಟೀರಿ.' ಅವನು ಓದಿದ್ದು ಏಳನೇ ಕ್ಲಾಸು. ಪೆನ್ನು ಹಿಡಿದು ಕೂತೆ. ಚಿಕ್ಕ ಬೀಮು ತಂದು ಇಳಿಸುವ ಭಾರ 56 ಕಿಲೋನ್ಯೂಟನ್. ದೊಡ್ಡ ಬೀಮಿನ ಉದ್ದ ಐದರಿಂದ ಗುಣಿಸಿ ನಾಲ್ಕರಿಂದ ಭಾಗಿಸಿದರೆ ಮೊಮೆಂಟ್ (ಬೀಮನ್ನು ಬಗ್ಗಿಸುವ ಪರಿಣಾಮ) 70. ಎರಡೂ ತುದಿ ಪೂರ್ತಿ ಬಿಗಿ ಅಂತ ಹಿಡಿದರೂ 35. ನನ್ನ ಪರದೆಯಲ್ಲಿ ಇದ್ದದ್ದು 14! ಮಾರನೇ ದಿನ ಕಾಂಕ್ರೀಟ್ ಇತ್ತು. ಸಾಫ್ಟ್‌ವೇರಿನ ತಪ್ಪು ಏನೂ ಇಲ್ಲ, ನಾನು ಕೊಟ್ಟ ಕಟ್ಟಡಕ್ಕೆ ಅದು ಸರಿಯಾಗೇ ಲೆಕ್ಕ ಮಾಡಿತ್ತು. ನಾನು ಕೊಟ್ಟ ಕಟ್ಟಡವೇ ಬೇರೆ, ಸೈಟಿನಲ್ಲಿ ಏಳುತ್ತಿದ್ದ ಕಟ್ಟಡವೇ ಬೇರೆ.

ದೊಡ್ಡವರಿಗೂ ಹೀಗಾಗಿದೆ. 1991ರ ಆಗಸ್ಟ್ 23ರಂದು ನಾರ್ವೆಯಲ್ಲಿ ಸ್ಲೈಪ್ನರ್ ಅನ್ನುವ, ಸಮುದ್ರದಲ್ಲಿ ನಿಲ್ಲಿಸುವ ತೈಲ-ಅನಿಲ ಕಟ್ಟೆಯ ಕಾಂಕ್ರೀಟ್ ತಳಭಾಗ ಸಮುದ್ರಕ್ಕೆ ಮುಳುಗಿಹೋಯಿತು. ಮಾಡೆಲ್‌ನ ಮೆಶ್ (ಲೆಕ್ಕಕ್ಕಾಗಿ ತುಂಡು ಮಾಡಿದ ಜಾಲ) ಸರಿಯಿಲ್ಲದೆ ಒಂದು ಗೋಡೆಯ ಶಿಯರ್ (ಕತ್ತರಿಸುವ ಬಲ) 47 ಶೇಕಡಾ ಕಮ್ಮಿ ಬಂದಿತ್ತು. ಆಮೇಲೆ ಮತ್ತೆ ಸರಿಯಾಗಿ ಲೆಕ್ಕ ಮಾಡಿದಾಗ, ನೀರಿನ ಒತ್ತಡ 62 ಮೀಟರ್ ಆಳದಷ್ಟಾದಾಗ ಗೋಡೆ ಒಡೆಯಬೇಕು ಅಂತ ಬಂತು. ನಿಜವಾಗಿ ಒಡೆದದ್ದು 65ರ ಹತ್ತಿರ.

ಅದಕ್ಕೇ ಹೇಳೋದು, ಕೊಳ್ಳುವ ಮುಂಚೆ ಟ್ರಯಲ್ ಕೇಳಿ. ನೀವು ಕೈಯಲ್ಲಿ ಲೆಕ್ಕ ಮಾಡಿದ ಹಳೆಯ ಮನೆಯೊಂದನ್ನು ಅದರಲ್ಲಿ ಹಾಕಿ. ಮೊದಲು ನೋಡಬೇಕಾದ್ದು ಬಣ್ಣಬಣ್ಣದ ಚಿತ್ರವಲ್ಲ, ತಳದ ಒಟ್ಟು ರಿಯಾಕ್ಷನ್, ಅಂದರೆ ಪಾಯಕ್ಕೆ ಇಳಿಯುವ ಒಟ್ಟು ಭಾರ. 85 ಚದರ ಮೀಟರಿನ ಮೂರು ಸ್ಲ್ಯಾಬ್ ಇದ್ದರೆ, ಚದರ ಮೀಟರಿಗೆ 12 ಕಿಲೋನ್ಯೂಟನ್‌ನಂತೆ ಸುಮಾರು 3,000 ಬರಬೇಕು. ಅಂದರೆ 300 ಟನ್. 1,800 ಬಂದರೆ ಗೋಡೆ ಭಾರ ಹಾಕಲು ಮರೆತಿದ್ದೀರಿ ಅಂತಲೇ ಲೆಕ್ಕ. ಆಮೇಲೆ ಸ್ಲ್ಯಾಬ್ ಮೆಂಬ್ರೇನಾ (ಭಾರವನ್ನು ಬೀಮಿಗೆ ದಾಟಿಸುವುದಷ್ಟೇ) ಶೆಲ್ಲಾ (ತಾನೂ ಬಾಗಿ ಹೊರುವುದು) ನೋಡಿ. ಶೆಲ್ ಕೊಟ್ಟರೆ ಸ್ಲ್ಯಾಬೂ ಭಾರ ಹೊತ್ತು ಬೀಮಿನ ಮೊಮೆಂಟ್ ಇಳಿಯುತ್ತದೆ, 'ಅಯ್ಯೋ ಕಬ್ಬಿಣ ಉಳೀತು' ಅಂತ ಹುಡುಗರು ಖುಷಿಪಡುತ್ತಾರೆ. ಭೂಕಂಪದ ಲೆಕ್ಕಕ್ಕೆ 2016ರ ಐಎಸ್ 1893 ಬೀಮಿಗೆ ಪೂರ್ತಿ ಜಡತ್ವದ (ಬಾಗದಂತೆ ತಡೆಯುವ ಗುಣ) 0.35 ಪಾಲು, ಕಾಲಂಗೆ 0.7 ಪಾಲು ಮಾತ್ರ ಹಿಡಿಯಲು ಹೇಳುತ್ತದೆ. ಅದನ್ನು ನೀವೇ ಹಾಕಬೇಕು. ಸುಮ್ನೆ ಬಿಟ್ಟರೆ 1 ಅಂತಲೇ ಇರುತ್ತದೆ.

ಕ್ರ್ಯಾಕ್ ಕಾಪಿ ಬೇಡ. ಕಳ್ಳತನ ಅನ್ನೋದು ಒಂದು. ಇನ್ನೊಂದು, ಕಂಪನಿಯವರು ತಪ್ಪು ತಿದ್ದಿ ಬಿಡುವ ಅಪ್‌ಡೇಟ್ ನಿಮಗೆ ಬರೋದಿಲ್ಲ. ಡ್ರಾಯಿಂಗಿನ ಕೆಳಗೆ ಸಹಿ ಮಾತ್ರ ನಿಮ್ಮದೇ ಇರುತ್ತೆ, ಅಲ್ವಾ? ದುಡ್ಡು ಸೇರುವವರೆಗೆ ಎಕ್ಸೆಲ್ಲೂ ಕೈಲೆಕ್ಕವೂ ಸಾಕು. 2016ರ ಐಎಸ್ 1893ರ ನಕ್ಷೆಯಲ್ಲಿ ತಿಪಟೂರು ಕಮ್ಮಿ ಭೂಕಂಪದ ಎರಡನೇ ವಲಯದಲ್ಲಿದೆ, ಸಾಧಾರಣ ಎರಡು ಮಹಡಿ ಮನೆಗೆ ಹೆದರಬೇಕಾಗಿಲ್ಲ.

ಲ್ಯಾಪ್‌ಟಾಪ್ ಸಾಕು, ಮನೆ ಮಾಡೆಲ್ 8 ಜಿಬಿಯಲ್ಲಿ ಓಡುತ್ತದೆ. ಆಮೇಲೆ ಬೇಕಾದರೆ 16 ಮಾಡಿಸಿ. ಆದರೆ ಚಕ್ರ ಇರುವ ಒಳ್ಳೇ ಮೌಸ್ ಒಂದು ಇವತ್ತೇ ತಗೊಳ್ಳಿ. ಟಚ್‌ಪ್ಯಾಡ್‌ನಲ್ಲಿ ಮಾಡೆಲ್ ತಿರುಗಿಸಲು ಹೋದರೆ ನೋಡ್ ಸೇರಿದೆಯೋ ಇಲ್ಲವೋ ನೋಡುವಷ್ಟು ತಾಳ್ಮೆ ಯಾರಿಗೂ ಉಳಿಯೋದಿಲ್ಲ.