ಲೋಡ್ ಬಿದ್ದರೆ ಮಿಸ್ ಹೊಡೆಯುವ ಹಳೇ ಬಿ-275: ಪಂಪ್ ಬಿಚ್ಚಿಸಬೇಕಾ?

ಪ್ರಶ್ನೆ: ಅಪ್ಪ 1980ರ ಸುಮಾರಿಗೆ ಕೊಂಡ ಮಹೀಂದ್ರಾ ಬಿ-275 ಟ್ರ್ಯಾಕ್ಟರ್ ಈಗಲೂ ಇದೆ. ಸ್ಟಾರ್ಟ್ ಸಲೀಸಾಗಿ ಆಗುತ್ತೆ. ಹತ್ತು ನಿಮಿಷ ರೆಂಟೆ ಹೊಡೆದ ಮೇಲೆ ಮಿಸ್ಸಿಂಗ್ (ಇಂಜಿನ್ ತಡೆದು ತಡೆದು ಓಡೋದು) ಶುರು, ಬಿಳಿ ಹೊಗೆ ಬೇರೆ. ಸ್ವಲ್ಪ ಹೊತ್ತು ನಿಲ್ಲಿಸಿ ಮತ್ತೆ ಹಚ್ಚಿದರೆ ಸರಿ ಓಡುತ್ತೆ. ಹೋದ ತಿಂಗಳು ಡೀಸೆಲ್ ಫಿಲ್ಟರ್ ಬದಲಿಸಿದ್ದೆವು, ಆಮೇಲೇ ಹೀಗಾಗಿದ್ದು. ಮೆಕ್ಯಾನಿಕ್ ಡೀಸೆಲ್ ಪಂಪ್ ಬಿಚ್ಚಬೇಕು ಅಂತಾರೆ. ಬಿಚ್ಚಿಸೋದಾ?
– ಓದುಗರೊಬ್ಬರು, ಹಾವೇರಿ ಜಿಲ್ಲೆ

ಉತ್ತರ: ಈಗಲೇ ಬೇಡ. ಪಂಪ್ ಸವೆದಿದ್ದರೆ ಇಂಜಿನ್ ಬಿಸಿಯಾದ ಮೇಲೆ ಮತ್ತೆ ಸ್ಟಾರ್ಟ್ ಆಗೋಕೇ ಸಾಮಾನ್ಯವಾಗಿ ಸತಾಯಿಸುತ್ತೆ. ನಿಮ್ಮದು ಹಾಗಲ್ಲ, ಸ್ವಲ್ಪ ನಿಲ್ಲಿಸಿದರೆ ಸುಧಾರಿಸಿಕೊಳ್ಳುತ್ತಿದೆ. ಅಂದರೆ ಡೀಸೆಲ್ ಸಾಕಷ್ಟು ಬರುತ್ತಿಲ್ಲ, ಇಲ್ಲಾ ಅದರ ಜೊತೆ ಗಾಳಿ ಸೇರುತ್ತಿದೆ. ಹೀಟರ್ ಪ್ಲಗ್ ಮೇಲೆ ಅನುಮಾನ ಬೇಡ, ಅದರ ಕೆಲಸ ಸ್ಟಾರ್ಟ್ ಮಾಡುವಾಗ ಮಾತ್ರ.

ಮೊದಲು ಖರ್ಚಿಲ್ಲದ ಪರೀಕ್ಷೆ. ಮಿಸ್ಸಿಂಗ್ ಶುರುವಾದ ಕೂಡಲೇ ಟ್ರ್ಯಾಕ್ಟರ್ ನಿಲ್ಲಿಸಿ, ಇಂಜಿನ್ ಓಡುತ್ತಿರುವಾಗಲೇ ಡೀಸೆಲ್ ಟ್ಯಾಂಕಿನ ಮುಚ್ಚಳ ಸಡಿಲ ಮಾಡಿ. ಸುಯ್ ಅಂತ ಗಾಳಿ ಒಳಗೆ ಹೋಗಿ ಇಂಜಿನ್ ಸುಧಾರಿಸಿದರೆ ಮುಚ್ಚಳದ ಸಣ್ಣ ತೂತು ಮಣ್ಣು ಕಟ್ಟಿಕೊಂಡಿದೆ ಅಂತ ಅರ್ಥ. ಹಾಗಾಗದಿದ್ದರೆ ಟ್ಯಾಂಕಿನ ನಲ್ಲಿ ಬಿಚ್ಚಿ ಜಾಲರಿ ನೋಡಿ. ಇಷ್ಟು ಹಳೇ ಟ್ಯಾಂಕಿನಲ್ಲಿ ತುಕ್ಕಿನ ಪುಡಿ ಇದ್ದೇ ಇರುತ್ತೆ.

ಆಮೇಲೆ ಫಿಲ್ಟರ್. ನನಗೆ ಜಾಸ್ತಿ ಅನುಮಾನ ಇಲ್ಲೇ. ಫಿಲ್ಟರಿನ ಹಳೇ ರಬ್ಬರ್ ರಿಂಗ್ ಮೇಲಿನ ತೋಡಿಗೇ ಅಂಟಿಕೊಂಡಿರುತ್ತೆ, ಕಪ್ಪಗೆ ಇರೋದರಿಂದ ಕಣ್ಣಿಗೆ ಕಾಣಲ್ಲ, ಹೊಸ ರಿಂಗ್ ಅದರ ಮೇಲೇ ಕೂತುಬಿಡುತ್ತೆ. ಬೆರಳು ಹಾಕಿ ಸುತ್ತ ಸವರಿ ನೋಡಿ, ಇದ್ದರೆ ಕೆದಕಿ ತೆಗೆಯಿರಿ. ಪೈಪಿನ ಬೋಲ್ಟ್ ಬಿಚ್ಚಿದ್ದರೆ ಅದರ ತಾಮ್ರದ ವಾಷರ್ ಹೊಸದು ಹಾಕಿ. ಡೀಸೆಲ್ ಎಲ್ಲೂ ಸೋರುತ್ತಿಲ್ಲ ಅಂತ ಸುಮ್ಮನಾಗಬೇಡಿ. ಪಂಪ್ ಎಳೆಯುವ ಕಡೆಯಲ್ಲಿ ಸಂದು ಇದ್ದರೆ ಡೀಸೆಲ್ ಹೊರಗೆ ಬರೋದಿಲ್ಲ, ಗಾಳಿ ಒಳಗೆ ಹೋಗುತ್ತೆ.

ಇಷ್ಟಾದ ಮೇಲೆ ಏರ್ ತೆಗೆಯಿರಿ. ಫಿಲ್ಟರ್ ಮೇಲಿನ ಸ್ಕ್ರೂ ಸಡಿಲಿಸಿ ಕೈಯಿಂದ ಫೀಡ್ ಪಂಪಿನ (ಟ್ಯಾಂಕಿನಿಂದ ಡೀಸೆಲ್ ಎಳೆದುಕೊಡುವ ಚಿಕ್ಕ ಪಂಪ್) ಲಿವರ್ ಒತ್ತುತ್ತಾ ಹೋಗಿ. ಮೊದಲು ನೊರೆ ನೊರೆಯಾಗಿ ಬರುತ್ತೆ, ಆಮೇಲೆ ಗುಳ್ಳೆ, ಕೊನೆಗೆ ಒಂದೂ ಗುಳ್ಳೆ ಇಲ್ಲದೆ ತಿಳಿಯಾಗಿ ಹರಿಯುತ್ತೆ. ಅವಸರ ಬೇಡ, ಗುಳ್ಳೆ ಪೂರ್ತಿ ನಿಂತ ಮೇಲೇ ಸ್ಕ್ರೂ ಬಿಗಿ ಮಾಡಿ. ಅದಾದ ಮೇಲೆ ಡೀಸೆಲ್ ಪಂಪಿನ ಸ್ಕ್ರೂ, ಕೊನೆಗೆ ನಾಝಲ್ (ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ಭಾಗ) ಹತ್ತಿರದ ನಟ್‌ಗಳು. ಈ ಕ್ರಮ ತಪ್ಪಿಸಬೇಡಿ.

ಆದರೂ ಮಿಸ್ಸಿಂಗ್ ನಿಲ್ಲಲಿಲ್ಲ ಅಂದರೆ ಯಾವ ಸಿಲಿಂಡರ್ ಅಂತ ಹುಡುಕಿ. ನಿಮ್ಮದು 35 ಎಚ್‌ಪಿಯ ನಾಲ್ಕು ಸಿಲಿಂಡರ್ ಇಂಜಿನ್. ನಿಧಾನಕ್ಕೆ ಓಡಿಸುತ್ತಾ ಒಂದೊಂದೇ ನಾಝಲ್ ಪೈಪಿನ ನಟ್ ಅರ್ಧ ಸುತ್ತು ಸಡಿಲಿಸಿ, ನೋಡಿ ಮತ್ತೆ ಬಿಗಿ ಮಾಡಿ. ಸರಿಯಿರುವ ಸಿಲಿಂಡರ್ ಆದರೆ ಇಂಜಿನ್ ಸದ್ದು ತಕ್ಷಣ ಕುಗ್ಗುತ್ತೆ. ಸಡಿಲಿಸಿದರೂ ಸದ್ದು ಬದಲಾಗದಿದ್ದರೆ ಸತ್ತಿರೋದು ಅದೇ. ನಟ್ಟಿನ ಮೇಲೆ ಬಟ್ಟೆ ಹಿಡಿಯಿರಿ, ಮುಖ ದೂರ ಇರಲಿ. ಬಿಚ್ಚಿದ ನಾಝಲ್ಲಿನ ಮುಂದೆ ಮಾತ್ರ ಯಾವತ್ತೂ ಬೆರಳಿಡಬೇಡಿ. ಆ ಒತ್ತಡದ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತೆ. ಹಾಗೇನಾದರೂ ಆದರೆ ನೋವಿಲ್ಲದಿದ್ದರೂ ತಡಮಾಡದೆ ಆಸ್ಪತ್ರೆಗೆ ಹೋಗಿ.

ಸತ್ತ ಸಿಲಿಂಡರಿನ ನಾಝಲ್ಲನ್ನು ಪಕ್ಕದ್ದಕ್ಕೆ ಅದಲು ಬದಲು ಮಾಡಿ, ವಾಷರ್ ಹೊಸದಿರಲಿ. ಮಿಸ್ಸಿಂಗ್ ನಾಝಲ್ ಜೊತೆ ಹೋದರೆ ನಾಝಲ್ಲೇ ಕೆಟ್ಟಿದೆ, ಅದನ್ನಷ್ಟೇ ಟೆಸ್ಟ್ ಮಾಡಿಸಿ. ಮೊದಲು ಸತ್ತಿದ್ದ ಸಿಲಿಂಡರಿನಲ್ಲೇ ಉಳಿದರೆ ಟ್ಯಾಪೆಟ್ ಗ್ಯಾಪ್ (ವಾಲ್ವ್ ಮೇಲಿನ ಸಣ್ಣ ಸಂದು) ಮತ್ತು ಕಂಪ್ರೆಷನ್ (ಸಿಲಿಂಡರಿನೊಳಗೆ ಗಾಳಿ ಒತ್ತುವ ಬಲ) ನೋಡಿಸಬೇಕು. ಅಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೆ ಸತ್ತಿದ್ದರೆ ಹೆಡ್ ಗ್ಯಾಸ್ಕೆಟ್ (ಇಂಜಿನ್ ಬ್ಲಾಕ್ ಮತ್ತು ಹೆಡ್ ನಡುವಿನ ಪ್ಯಾಕಿಂಗ್) ಹೋಗಿರಬಹುದು.

ಇದೆಲ್ಲ ಸರಿಯಿದ್ದೂ ಮಿಸ್ಸಿಂಗ್ ಹೋಗದಿದ್ದರೆ ಆಗ ಪಂಪ್ ಬಿಚ್ಚಿಸಿ. ಬಿಚ್ಚುವ ಮೊದಲು ಪಂಪಿನ ಫ್ಲೇಂಜ್ (ಇಂಜಿನ್ನಿಗೆ ಬೋಲ್ಟ್ ಹಾಕಿ ಕೂರಿಸುವ ಅಂಚು) ಮತ್ತು ಇಂಜಿನ್ ಎರಡರ ಮೇಲೂ ಸೇರುವಂತೆ ಒಂದು ಗೆರೆ ಗೀಚಿಸಿ. ಟೈಮಿಂಗ್ (ಡೀಸೆಲ್ ಸಿಂಪಡಿಸುವ ಸಮಯ) ತಪ್ಪಿದರೆ ಹೊಸ ತಲೆನೋವು ಶುರುವಾಗುತ್ತೆ, ಅಲ್ವಾ?