ಅಳೆಯುವ ಮುನ್ನ ಏನನ್ನು ಅಳೆಯುತ್ತಿದ್ದೇವೆ?

ಪತ್ರ: ಕಳೆದ ಸಂಚಿಕೆಯ ಮನಶ್ಶಾಸ್ತ್ರದ ಲೇಖನದಲ್ಲಿ ವುಂಟ್‌ಗೆ ಒಂದು ಪ್ಯಾರಾ, ತತ್ತ್ವಜ್ಞಾನಿ ಫ್ರಾಂಜ್ ಬ್ರೆಂಟಾನೊಗೆ ಎರಡು ಪುಟ! ಪ್ರಯೋಗಾಲಯವೇ ಇಲ್ಲದ ಮಾಜಿ ಪಾದ್ರಿಗೆ ಇಷ್ಟು ಮರ್ಯಾದೆ ಏಕೆ? ಕಣ್ಣು ಮುಚ್ಚಿ ಮನಸ್ಸನ್ನು ನೋಡಿಕೊಳ್ಳುವುದು ವಿಜ್ಞಾನವೇ?
– ನಿವೃತ್ತ ಅಧ್ಯಾಪಕರು, ಧಾರವಾಡ

ಉತ್ತರ: ಜರ್ಮನ್ ಮನಶ್ಶಾಸ್ತ್ರಜ್ಞ ವುಂಟ್ 1879ರಲ್ಲಿ ಲೈಪ್‌ಜಿಗ್‌ನಲ್ಲಿ ಮನಶ್ಶಾಸ್ತ್ರದ ಪ್ರಯೋಗಾಲಯ ತೆರೆದದ್ದು ದೊಡ್ಡ ಕೆಲಸ. ಅದರಲ್ಲಿ ತಕರಾರಿಲ್ಲ.

ಆದರೆ ಬ್ರೆಂಟಾನೊಗೆ ಪ್ರಯೋಗಾಲಯ ಬೇಡವಾಗಿರಲಿಲ್ಲ, ಸಿಗಲಿಲ್ಲ. ವಿಯೆನ್ನಾದಲ್ಲಿ ಅದಕ್ಕಾಗಿ ಅವನು ಮತ್ತೆ ಮತ್ತೆ ಕೇಳಿದ, ಸರ್ಕಾರ ಕೊಡಲಿಲ್ಲ. ಪಾದ್ರಿತನ ಬಿಟ್ಟವನಿಗೆ ಆಸ್ಟ್ರಿಯಾದ ಕಾನೂನು ಮದುವೆಯ ಹಕ್ಕು ಕೊಡುತ್ತಿರಲಿಲ್ಲ. 1880ರಲ್ಲಿ ಮದುವೆಯಾಗಲು ಅವನು ಪ್ರಾಧ್ಯಾಪಕ ಹುದ್ದೆಯನ್ನೇ ಬಿಡಬೇಕಾಯಿತು. ಆಮೇಲೆ 1895ರವರೆಗೆ ಡಾಕ್ಟರೇಟ್ ಮಾರ್ಗದರ್ಶನದ ಅಧಿಕಾರವೂ ಇಲ್ಲದೆ ಅದೇ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿದ.

ಇನ್ನು ಕಣ್ಣು ಮುಚ್ಚಿ ನೋಡಿಕೊಳ್ಳುವ ಮಾತು. ಅದು ಆಗದ ಕೆಲಸ ಎಂದು 1874ರ ತನ್ನ ಗ್ರಂಥದಲ್ಲಿ ಅವನೇ ಬರೆದಿದ್ದಾನೆ. ಕೋಪ ಬಂದಾಗ ಅದನ್ನೇ ಪರೀಕ್ಷಿಸಲು ಹೊರಟರೆ ಕೋಪ ಆಗಲೇ ಇಳಿದಿರುತ್ತದೆ. ಹಾಗಾಗಿ ಒಳಗಿನ ಅರಿವು ಬೇರೆ, ಒಳಗಿನ ವೀಕ್ಷಣೆ ಬೇರೆ ಎಂದ. ಗಂಟೆಯ ಸದ್ದು ಕೇಳುವಾಗ ಗಮನವೆಲ್ಲ ಸದ್ದಿನ ಮೇಲೆ. ಕೇಳುತ್ತಿದ್ದೇನೆ ಎಂಬುದೂ ಅದೇ ಕ್ಷಣದಲ್ಲಿ, ಅದೇ ಕ್ರಿಯೆಯ ಒಳಗೆ, ಪಕ್ಕದಲ್ಲಿ ತಿಳಿಯುತ್ತದೆ. ಅದನ್ನು ತಿಳಿಯಲು ಎರಡನೆಯ ಅರಿವು ಬೇಕೆಂದರೆ ಎರಡನೆಯದಕ್ಕೆ ಮೂರನೆಯದು ಬೇಕು, ಕೊನೆಯೇ ಇಲ್ಲದ ಅನವಸ್ಥೆ. ನ್ಯಾಯದರ್ಶನದವರ ಅನುವ್ಯವಸಾಯ (ಅರಿವನ್ನು ಅರಿಯಲು ಇನ್ನೊಂದು ಅರಿವು), ಬೌದ್ಧರ ಸ್ವಸಂವೇದನೆ (ಅರಿವು ತನ್ನನ್ನು ತಾನೇ ಅರಿಯುವುದು) ಇವುಗಳ ಜಗಳ ಗೊತ್ತಿದ್ದವರಿಗೆ ಇದು ಪರಿಚಿತ ದಾರಿ. ವಿವರಣೆ ಬೇಕಿದ್ದರೆ ಸದ್ದು ನಿಂತ ಕೂಡಲೇ, ನೆನಪು ಹಸಿಯಾಗಿರುವಾಗ ಮಾಡಬೇಕು. ನೆನಪು ಮೋಸ ಮಾಡಬಹುದು ಎಂದೂ ಅವನೇ ಎಚ್ಚರಿಸಿದ.

ಅವನ ವಿಂಗಡಣೆ ನೋಡಿ. ದೆವ್ವವನ್ನು ಕಲ್ಪಿಸಿಕೊಳ್ಳುವುದು ಒಂದು. ‘ದೆವ್ವ ಇದೆ’ ಅಥವಾ ‘ಇಲ್ಲ’ ಎನ್ನುವುದು ಇನ್ನೊಂದು. ಅದಕ್ಕೆ ಹೆದರುವುದು ಮತ್ತೊಂದು. ಮೂರರಲ್ಲೂ ವಿಷಯ ಅದೇ ದೆವ್ವ, ಮನಸ್ಸು ಅದರೊಡನೆ ನಡೆದುಕೊಳ್ಳುವ ರೀತಿ ಮಾತ್ರ ಬೇರೆ. ‘ಇಲ್ಲ’ ಎನ್ನಲೂ ದೆವ್ವ ಮನಸ್ಸಿನ ಮುಂದೆ ಬರಲೇಬೇಕು. ಕಲ್ಪನೆಗೆ ಇನ್ನೊಂದು ಕಲ್ಪನೆ ಜೋಡಿಸಿದರೆ ನಿರ್ಣಯವಾಗುತ್ತದೆ ಎಂಬ ಹಳೆಯ ಲೆಕ್ಕ ಇಲ್ಲಿ ಮುರಿದುಬಿತ್ತು. ಇಷ್ಟನ್ನು ಬಿಡಿಸಿಕೊಳ್ಳದೆ ‘ಭಯದ ಪ್ರಮಾಣ’ ಅಳೆದರೆ ಅಳೆದದ್ದು ನಂಬಿಕೆಯನ್ನೋ ಭಾವವನ್ನೋ ಹೇಳುವವರಾರು?

ಅವನ ತರಗತಿಯಲ್ಲಿ ಕೂತವರನ್ನು ನೆನೆಯಿರಿ: ತತ್ತ್ವಜ್ಞಾನಿಗಳಾದ ಹುಸರ್ಲ್, ಮೈನಾಂಗ್, ವೈದ್ಯಕೀಯ ಓದುತ್ತಿದ್ದ ಫ್ರಾಯ್ಡ್. ಎರೆನ್‌ಫೆಲ್ಸ್ ಎಂಬ ಇನ್ನೊಬ್ಬ ಶಿಷ್ಯ 1890ರಲ್ಲಿ ಒಂದು ಪ್ರಶ್ನೆ ಎತ್ತಿದ: ಶ್ರುತಿ ಬದಲಿಸಿ ಹಾಡಿದರೆ ಸ್ವರಗಳೆಲ್ಲ ಬೇರೆಯಾದರೂ ಧಾಟಿ ಅದೇ ಆಗಿ ಕೇಳುವುದು ಹೇಗೆ? ಬಿಡಿ ಭಾಗಗಳನ್ನು ಕೂಡಿಸಿದರೆ ಇಡೀ ಆಕೃತಿ ಸಿಗುವುದಿಲ್ಲ ಎನ್ನುವ ಗೆಸ್ಟಾಲ್ಟ್ ಚಿಂತನೆ ಮೊಳೆತದ್ದು ಅಲ್ಲಿ. ವಿಯೆನ್ನಾಕ್ಕೂ ಮೊದಲು ವ್ಯುರ್ಟ್ಸ್‌ಬುರ್ಗ್‌ನಲ್ಲಿ ಅವನ ಶಿಷ್ಯನಾಗಿದ್ದ ಸ್ಟುಂಫ್ ನಾದದ ಮೇಲೆ ಪ್ರಯೋಗಗಳನ್ನೇ ಮಾಡಿದ. ಬರ್ಲಿನ್‌ನಲ್ಲಿ ಗೆಸ್ಟಾಲ್ಟ್ ಮನಶ್ಶಾಸ್ತ್ರಜ್ಞರಾದ ಕೊಫ್ಕಾ, ಕೋಲರ್ ಸ್ಟುಂಫ್ ಬಳಿ ಕಲಿತರು. ಪ್ರಯೋಗಾಲಯ ಗುರುವಿಗೆ ದಕ್ಕದಿದ್ದರೂ ಶಿಷ್ಯರಿಗೆ ದಕ್ಕಿತು.

ನಿಮ್ಮ ವುಂಟ್ ನಿಷ್ಠೆಗೂ ಕಾರಣವಿದೆ. ಮೈಸೂರಿನಲ್ಲಿ 1924ರಲ್ಲಿ ಮನಶ್ಶಾಸ್ತ್ರ ವಿಭಾಗ ಕಟ್ಟಿದ ಎಂ.ವಿ. ಗೋಪಾಲಸ್ವಾಮಿ ಲಂಡನ್ನಿನಲ್ಲಿ ಬುದ್ಧಿಶಕ್ತಿಯನ್ನು ಅಳೆಯುತ್ತಿದ್ದ ಮನಶ್ಶಾಸ್ತ್ರಜ್ಞ ಸ್ಪಿಯರ್‌ಮನ್ನರ ಶಿಷ್ಯರು. ಸ್ಪಿಯರ್‌ಮನ್ ವುಂಟ್‌ನ ಶಿಷ್ಯ. ಆ ಪರಂಪರೆಗೆ ನಮಸ್ಕಾರ. ಆದರೆ ಇಂಗ್ಲಿಷಿನ ಬಾಗಿಲಿನಿಂದ ಬಂದದ್ದಷ್ಟೇ ನಮಗೆ ಜರ್ಮನ್ ಚಿಂತನೆಯಾಯಿತು. ಬ್ರೆಂಟಾನೊನ 1874ರ ಗ್ರಂಥ ಇಂಗ್ಲಿಷಿಗೆ ಬಂದದ್ದೇ 1973ರಲ್ಲಿ.

ಇಂಗ್ಲಿಷ್ ನಿಘಂಟು ಹಿಡಿದು ಕೂತದ್ದರ ನಷ್ಟ ಇನ್ನೊಂದಿದೆ. ಅವನು ಮಧ್ಯಯುಗದ ಪಂಡಿತರಿಂದ ತಂದ ಪದದಿಂದ ‘ಇಂಟೆನ್ಶನಾಲಿಟಿ’ ಬೆಳೆಯಿತು. ಅದನ್ನು ‘ಉದ್ದೇಶಪೂರ್ವಕತೆ’ ಎಂದರೆ ಅರ್ಥವೇ ಕೆಟ್ಟಿತು. ಇಲ್ಲಿ ಉದ್ದೇಶವಿಲ್ಲ, ಪ್ರತಿ ಅರಿವೂ ಏನನ್ನೋ ಕುರಿತದ್ದು ಎಂಬುದಷ್ಟೇ. ಇದನ್ನೇ ಹೇಳುವ ನ್ಯಾಯಶಾಸ್ತ್ರದ ‘ವಿಷಯತಾ’ ನಮ್ಮ ಕಪಾಟಿನಲ್ಲೇ ಇತ್ತು. ಇಷ್ಟು ವರ್ಷ ಪಾಠ ಹೇಳಿದ ತಾವು ತರಗತಿಯಲ್ಲಿ ಯಾವ ಪದ ಬಳಸುತ್ತಿದ್ದಿರಿ? ದಯವಿಟ್ಟು ಬರೆದು ತಿಳಿಸಿ. ಮುಂದಿನ ಸಂಚಿಕೆಯಲ್ಲಿ ಅದಕ್ಕೆ ಜಾಗ ಕಾದಿರಿಸಿದ್ದೇವೆ.