ಹೊಸದಾಗಿ ಆಫೀಸಿಗೆ ಸೇರೋ ತಂಗಿಗೆ: 7,000 ರೂಪಾಯಿಯಲ್ಲಿ ಏನು ತಗೋಬೇಕು, ಏನು ಹೊಲ್ಕೋಬೇಕು

ತಂಗಿ, ಕೆಲಸ ಸಿಕ್ಕಿದ್ದು ಓದಿ ತುಂಬಾ ಖುಷಿ ಆಯ್ತು. ಮುಂದಿನ ತಿಂಗಳಿಂದ ಯಶವಂತಪುರದಲ್ಲಿ ಆಫೀಸು, ತುಮಕೂರಿಂದ ದಿನಾ ರೈಲು, ಕೈಯಲ್ಲಿ 7,000 ರೂಪಾಯಿ, ಆನ್‌ಲೈನಲ್ಲಿ 499ರ ಕುರ್ತಿ ಹತ್ತು ತರಿಸಿಬಿಡ್ಲಾ ಅಂತ ಕೇಳಿದ್ದೀಯ. ಬೇಡಮ್ಮ. ಬಟ್ಟೆಗೇ 4,990 ಹೋಗುತ್ತೆ, ಉಳಿಯೋ 2,010 ಪ್ಯಾಂಟು, ಶೂ, ಬ್ಯಾಗು ಎಲ್ಲಕ್ಕೂ ಸಾಲಲ್ಲ. ನೀನು ನಮ್ಮ ಈ ಹೊಲಿಗೆ ಗುಂಪಲ್ಲಿ ಹಾಕಿದ ಫೋಟೋ ನೋಡಿದ್ದೀನಿ, ತೋಳು ಚೆನ್ನಾಗಿ ಕೂರಿಸ್ತೀಯ. ಆ ಕೈ ಇರೋವಾಗ ಬಟ್ಟೆ ತಗೊಂಡು ಹೊಲ್ಕೋ. ಪ್ಯಾಂಟ್ ಎರಡು, ಕುರ್ತಿ ನಾಲ್ಕು. ಎರಡಕ್ಕೂ ನಾಲ್ಕೂ ಹೊಂದೋ ಬಣ್ಣ ಆರಿಸಿದ್ರೆ ಎಂಟು ಜೋಡಿ ಆಯ್ತು, ವಾರಕ್ಕೆ ಆರು ದಿನ ಕೆಲಸ ಇದ್ರೂ ಸಾಕು.

ಮೊದಲು ಪ್ಯಾಂಟು. ಎಲ್ಲರೂ ಮೇಲಿನ ಬಟ್ಟೆಗೇ ದುಡ್ಡು ಸುರಿದು ಕೆಳಗೆ ಮಂಡಿ ಹತ್ರ ಜೋತುಬಿದ್ದ ಲೆಗ್ಗಿಂಗ್ಸ್ ಹಾಕ್ಕೋತಾರೆ, ಅಲ್ಲೇ ಕೆಡೋದು. ಕಡು ನೀಲಿ ಒಂದು, ಬೂದು ಒಂದು, ನೇರ ಕಟ್. ನಮ್ಮ ತುಮಕೂರಿನ ಎಂ.ಜಿ. ರಸ್ತೆ, ಮಂಡಿಪೇಟೆ ಕಡೆ ಸೂಟಿಂಗ್ ಬಟ್ಟೆ ಮಾರೋರ ಹತ್ರ ಪಾಲಿ ವಿಸ್ಕೋಸ್ ಕೇಳು, ಪಾಲಿಯೆಸ್ಟರ್ ವಿಸ್ಕೋಸ್ ಎರಡೂ ಬೆರೆಸಿದ ಬಟ್ಟೆ ಅದು. 58 ಇಂಚು ಪನ್ನಾ, ಅಂದ್ರೆ ಬಟ್ಟೆಯ ಅಗಲ, ಇದ್ರೆ ಒಂದಕ್ಕೆ ಒಂದೂಕಾಲು ಮೀಟರ್ ಸಾಕು. ಮೀಟರಿಗೆ 350ರ ಆಸುಪಾಸಿನದು ನೋಡು. ತಗೊಳ್ಳೋ ಮುಂಚೆ ಒಂದು ಮೂಲೆ ಮುಷ್ಟೀಲಿ ಹಿಡಿದು ಹತ್ತು ಎಣಿಸೋವರೆಗೂ ಬಿಗಿಯಾಗಿ ಹಿಂಡಿ ಬಿಡು. ಸುಕ್ಕು ತಾನಾಗೇ ಬಿಡಿಸ್ಕೊಂಡ್ರೆ ತಗೋ. ಹಾಗೇ ನಿಂತ್ರೆ, ರೈಲು ದಾರೀಲಿ ದಾಬಸ್‌ಪೇಟೆ ದಾಟೋ ಅಷ್ಟರಲ್ಲಿ ನಿನ್ನ ಮೈಮೇಲೂ ಅದೇ ಸುಕ್ಕು. ಅದಕ್ಕೇ ರೈಲಲ್ಲಿ ಓಡಾಡೋರಿಗೆ ಲಿನನ್ ಪ್ಯಾಂಟ್ ನಾನು ಹೇಳಲ್ಲ, ಎಷ್ಟೇ ಚೆಂದ ಇರಲಿ. ಹಿಂಭಾಗದ ಮಧ್ಯದ ಹೊಲಿಗೇಲಿ ಒಂದೂಕಾಲು ಇಂಚು ಮಾರ್ಜಿನ್ ಬಿಡು, ಆಮೇಲೆ ಬಿಚ್ಚಿ ಸಡಿಲ ಮಾಡ್ಕೊಳ್ಳೋಕೆ ಬಟ್ಟೆ ಇರುತ್ತೆ. ಕೂತು ಮಾಡೋ ಕೆಲಸ, ಆರು ತಿಂಗಳಲ್ಲಿ ಸೊಂಟ ಬದಲಾಗೋದು ಎಷ್ಟೋ ಜನಕ್ಕೆ ಇದ್ದದ್ದೇ.

ಕುರ್ತಿಗೆ 44 ಇಂಚು ಪನ್ನಾದ ಕಾಟನ್, ತಲಾ ಎರಡೂವರೆ ಮೀಟರ್, ಮೂರು ಸೆಟ್ಟು. ಒಂದೇ ಬಣ್ಣದ್ದು ಇಲ್ಲಾ ಸಣ್ಣ ಗೆರೆ, ಸಣ್ಣ ಚೌಕಳಿ. ದೊಡ್ಡ ಹೂವಿನ ಪ್ರಿಂಟ್ ಬೇಡ, ಒಂದು ಸಲ ನೋಡಿದೋರು ಮರೆಯಲ್ಲ, ಬುಧವಾರ ಹಾಕಿದ್ದು ಸೋಮವಾರ ಮತ್ತೆ ಹಾಕಿದ್ರೆ ಗೊತ್ತಾಗಿಬಿಡುತ್ತೆ. ಬಟ್ಟೆ ತಂದ ದಿನಾನೇ ಕತ್ತರಿ ಹಾಕ್ಬೇಡ. ರಾತ್ರಿ ನೀರಲ್ಲಿ ನೆನೆಹಾಕಿ, ಹಿಂಡದೆ ನೆರಳಲ್ಲಿ ಒಣಗಿಸಿ, ಇಸ್ತ್ರಿ ಮಾಡಿ ಆಮೇಲೆ ಕತ್ತರಿಸು. ಕಾಟನ್ ಮೊದಲ ನೀರಿಗೆ ನೂರಕ್ಕೆ ಮೂರರಿಂದ ಐದರಷ್ಟು ಕುಗ್ಗುತ್ತೆ. 42 ಇಂಚು ಉದ್ದದ ಕುರ್ತೀಲಿ ಅದು ಒಂದೂಕಾಲರಿಂದ ಎರಡು ಇಂಚು, ಮಂಡಿ ಮುಚ್ಚಬೇಕಾದ್ದು ಮಂಡಿ ಮೇಲೆ ನಿಲ್ಲುತ್ತೆ. ಲೈನಿಂಗ್ ಹಾಕೋದಾದ್ರೆ ಅದನ್ನೂ ನೆನೆಸು. ಮೇಲಿನದು ನೆನೆಸಿ ಲೈನಿಂಗ್ ಹಾಗೇ ಬಿಟ್ಟು ಮದುವೆಗೆ ಹೊಲಿದಿದ್ದ ಒಂದು ಬ್ಲೌಸ್ ಒಗೆದ ಮೇಲೆ ಒಳಗಿಂದ ಎಳ್ಕೊಂಡು ಹಾಳಾಗಿದ್ದು ನನಗೆ ಇವತ್ತಿಗೂ ನೆನಪಿದೆ. ಪೂರ್ತಿ ಬಿಚ್ಚಿ ಮತ್ತೆ ಹೊಲಿದು ಕೊಟ್ಟೆ.

ನಾಲ್ಕನೇ ಕುರ್ತಿಗೆ ಹೊಸ ಬಟ್ಟೆ ಬೇಡ, ಮನೇಲಿರೋ ರೆಡಿಮೇಡಲ್ಲಿ ಒಳ್ಳೇದನ್ನ ಸರಿ ಮಾಡ್ಕೋ. ಕನ್ನಡಿ ಮುಂದೆ ನಿಂತು ಭುಜ ನೋಡು. ತೋಳಿನ ಹೊಲಿಗೆ ಭುಜದ ಮೂಳೆ ಮುಗಿಯೋ ಕಡೆ ಕೂತಿರಬೇಕು. ಹೋದ ವಾರ ಒಬ್ಬ ಹುಡುಗಿ ಸರಿ ಮಾಡಿಸೋಕೆ ನನ್ನ ಹತ್ರ ತಂದಿದ್ದ ತಿಳಿ ನೀಲಿ ಕುರ್ತೀಲಿ ಅದು ಮುಕ್ಕಾಲು ಇಂಚು ಕೆಳಗೆ ಬಿದ್ದಿತ್ತು, ಯಾರದ್ದೋ ಬಟ್ಟೆ ಇಸ್ಕೊಂಡು ಹಾಕ್ಕೊಂಡ ಹಾಗೆ. ತೋಳು ಬಿಚ್ಚಿದೆ. ಭುಜದ ಮೇಲೆ ಮುಕ್ಕಾಲು ಇಂಚು ಗುರುತು ಹಾಕಿ, ಕಂಕುಳ ಕಡೆಗೆ ಅರ್ಧ ದಾರಿ ಬರೋ ಅಷ್ಟರಲ್ಲಿ ಅದು ಸೊನ್ನೆ ಆಗೋ ಹಾಗೆ ಚಾಕ್ ಎಳೆದು ಕತ್ತರಿಸಿದೆ, ಅದೇ ತೋಳು ಮತ್ತೆ ಕೂರಿಸಿದೆ. ಮಿರಿಮಿರಿ ಹೊಳೆಯೋ ಪ್ಲಾಸ್ಟಿಕ್ ಗುಂಡಿ ಕಿತ್ತು ಮಂಕು ಬಣ್ಣದ ಸಾದಾ ಗುಂಡಿ ಹಾಕಿದೆ. ಮುಕ್ಕಾಲು ಗಂಟೆ ಕೆಲಸ. ಹಾಕ್ಕೊಂಡು ಕನ್ನಡಿ ನೋಡಿ ಆ ಹುಡುಗಿ ಬೆನ್ನು ನೆಟ್ಟಗೆ ಮಾಡಿ ನಿಂತ್ಕೊಂಡ್ಲು. ಬಟ್ಟೆ ಅದೇ, ಕೂತಿದ್ದು ಬೇರೆ ಥರ.

ಈಗ ನಮ್ಮ ಊರಿನ ನೀರಿನ ವಿಷಯ. ಬಟ್ಟೆ ವಿಷಯ ಬಂದಾಗ ಇದನ್ನ ಯಾರೂ ಹೇಳಲ್ಲ. ನಮ್ಮ ಬೋರ್ ನೀರು ಗಡಸು. ಅದರಲ್ಲಿರೋ ಸುಣ್ಣದಂಶ ಸೋಪಿನ ಜೊತೆ ಸೇರಿ ನೊರೆ ಬರೋ ಬದಲು ಜಿಡ್ಡಾಗಿ ಎಳೆ ಎಳೆಗೂ ಕೂರುತ್ತೆ. ಬಿಳಿ ಬಟ್ಟೆ ನಾಲ್ಕು ಒಗೆತಕ್ಕೆ ಮಂಕಾಗೋದು, ಮೆತ್ತಗಿದ್ದ ಕಾಟನ್ ಒರಟಾಗೋದು ಅದಕ್ಕೇ. ಹಾಗಾಗಿ ಅಚ್ಚ ಬಿಳಿ ತಗೋಬೇಡ, ಕೆನೆ ಬಣ್ಣ, ತಿಳಿ ನೀಲಿ ತಗೋ. ಬಾರ್ ಸೋಪು ಉಜ್ಜೋದು ಬಿಟ್ಟು ಲಿಕ್ವಿಡ್ ಹಾಕು. ನಲ್ಲೀಲಿ ಹೇಮಾವತಿ ನದಿ ನೀರು ಬಿಟ್ಟ ದಿನ ಎರಡು ಬಕೆಟ್ ಹಿಡಿದಿಟ್ಕೊಂಡು ಆಫೀಸಿನ ಬಟ್ಟೆ ಅದರಲ್ಲೇ ಒಗಿ. ಬೋರ್ ನೀರೇ ಗತಿ ಅಂದ್ರೆ ಕೊನೇ ಜಾಲಿಸೋ ಬಕೆಟಿಗೆ ಎರಡು ಚಮಚ ಬಿಳಿ ವಿನೆಗರ್ ಹಾಕು. ಒಳಮೈ ಹೊರಗೆ ಮಾಡಿ ನೆರಳಲ್ಲಿ ಒಣಗಿಸು.

ಲೆಕ್ಕ ನೋಡು. ಪ್ಯಾಂಟ್ ಬಟ್ಟೆ 875, ಜಿಪ್ಪು ಹುಕ್ಕು ದಾರಕ್ಕೆ 125. ಕುರ್ತಿ ಬಟ್ಟೆ ಮೀಟರಿಗೆ 200ರಂತೆ 1,500, ಬಕ್ರಂ (ಕುತ್ತಿಗೆ ಪಟ್ಟಿ ಗಟ್ಟಿಯಾಗಿ ನಿಲ್ಲೋಕೆ ಒಳಗೆ ಹಾಕೋ ಬಟ್ಟೆ), ಗುಂಡಿಗೆ 100. ಮುಂದೆ ಮುಚ್ಚಿರೋ ಕಪ್ಪು ಶೂಗೆ 1,500, ರೈಲಿನ ನೂಕಾಟದಲ್ಲಿ ಕಾಲು ತುಳಿಸ್ಕೋತೀಯ, ಅದಕ್ಕೆ ಹೇಳಿದ್ದು. ಬ್ಯಾಗಿಗೆ 1,000. ಒಟ್ಟು 5,100. ಉಳಿದ 1,900 ಈಗಲೇ ಮುಟ್ಟಬೇಡ. ಹದಿನೈದು ದಿನ ಕೆಲಸಕ್ಕೆ ಹೋಗಿ ಅಲ್ಲಿನ ಹೆಣ್ಣುಮಕ್ಕಳು ಏನು ಹಾಕ್ಕೊಂಡು ಬರ್ತಾರೆ ನೋಡು, ಆಮೇಲೆ ಏನು ಕಡಿಮೆ ಬಿದ್ದಿದೆಯೋ ಅದನ್ನ ತಗೋ. ಆಫೀಸಲ್ಲಿ ಹಬ್ಬ ಅಂದ್ರೆ ಅಮ್ಮನ ಸೀರೆ ಇದ್ದೇ ಇದೆ, ಅಳತೆಗೆ ಸರಿಯಾಗಿ ಬ್ಲೌಸ್ ಒಂದು ಹೊಲ್ಕೊಂಡ್ರೆ ಆಯ್ತು.

ಮೊದಲು ಶೂ ತಗೊಂಡು ಬಾ. ಅದನ್ನ ಹಾಕ್ಕೊಂಡೇ ನಿಂತು ಸೊಂಟ, ಸೀಟು, ತೊಡೆ, ಮಂಡಿ, ಉದ್ದ ಅಳತೆ ತೆಗೆಸ್ಕೊಂಡು ಇಲ್ಲೇ ಬರಿ. ಪ್ಯಾಂಟ್ ನೀನು ಇನ್ನೂ ಹೊಲಿದಿಲ್ಲ ಅಂದಿದ್ದೆ, ಭಾನುವಾರ ಕೂತು ಪೇಪರ್ ಮೇಲೆ ಡ್ರಾಫ್ಟ್, ಅಂದ್ರೆ ಕತ್ತರಿಸೋ ನಕ್ಷೆ, ಹಾಕಿ ಫೋಟೋ ಕಳಿಸ್ತೀನಿ. ಮೊದಲು ಹಳೇ ಬೆಡ್‌ಶೀಟಲ್ಲಿ ಒಂದು ಕತ್ತರಿಸಿ ಹಾಕ್ಕೊಂಡು ನೋಡು, ಆಮೇಲೆ ನೀಲಿ ಬಟ್ಟೆಗೆ ಕತ್ತರಿ ಹಾಕು.